ಸಾವರ್ಡೆ ಗೇಟಿನ ಲಾಲಸಾಬರು

ರೈಲು ಬರುವ ಮುನ್ನ ಲಾಲಸಾಬರು ಚಪ್ಪಲಿ ಕಳಚುತ್ತಿದ್ದರು. ಅವನ್ನು ಗೇಟಿನ ಕಂಬದ ಬುಡದಲ್ಲಿ ಜೋಡಿಸಿಟ್ಟು, ಕೆಂಪು ಹಸಿರು ಬಾವುಟಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಬರಿಗಾಲಲ್ಲಿ ನಡೆದು ಹಿಂದಿರುಗುತ್ತಿದ್ದರು. ಗೋವೆಯ ಸಾವರ್ಡೆ ಮತ್ತು ಕುಡಚಡೆ ಊರುಗಳ ನಡುವೆ ಝುವಾರಿ ನದಿಗೆ ಆಗ ಇದ್ದದ್ದು ಪೋರ್ತುಗೀಜರ ಕಾಲದ ಆ ಒಂದೇ ಸೇತುವೆ. ರೈಲಿಗೂ ಅದೇ ದಾರಿ. ಲಾರಿ, ಬಸ್ಸು, ಸೈಕಲ್ಲು, ಎಮ್ಮೆಗಳಿಗೂ ಅದೇ ದಾರಿ. ವಾಹನಗಳು ಹಳಿಗಳ ನಡುವೆ ಹಾಸಿದ ಹಲಗೆಗಳ ಮೇಲೆ ಗಡಗಡನೆ ಸಾಗಬೇಕು, ರೈಲಿನ ಹೊತ್ತಿಗೆ ಎರಡೂ ತುದಿಯ ಗೇಟುಗಳು ಮುಚ್ಚಬೇಕು. ಯಾವ ಹಲಗೆ ಸಡಿಲಗೊಂಡಿದೆಯೆಂಬುದು ಲಾಲಸಾಬರಿಗೆ ಅಂಗಾಲಿನಿಂದಲೇ ತಿಳಿಯುತ್ತಿತ್ತು.

"ಬೂಟ್ ಹಾಕ್ಕೊಂಡ್ರ ಸಾಹೇಬ್ರಂಗ ಕಾಣ್ತೀನ್ರಿ, ಖರೇ. ಆದ್ರ ಹಲಗಿ ಅಳ್ಳಾಡಿದ್ದು ಬೂಟಿಗೆ ಗೊತ್ತಾಗತೈತಿ, ನನಗ ಗೊತ್ತಾಗಂಗಿಲ್ಲ" ಎನ್ನುತ್ತಿದ್ದರು.

ಅವರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು. ಹಳಿ ದುರಸ್ತಿಯ ಕೂಲಿಯಾಗಿ ಗೋವೆಗೆ ಬಂದು, ಕಾಲಕ್ರಮದಲ್ಲಿ ಸಾವರ್ಡೆ ಕಡೆಯ ಗೇಟ್‌ಮನ್ ಆಗಿದ್ದರು. ನಾನು ಆ ರೈಲುಮಾರ್ಗದ ಇತಿಹಾಸ ಬರೆಯಲು ತೊಡಗಿದ್ದ ಕಾಲವದು. ಗೇಟಿನಲ್ಲಿ ಸ್ಕೂಟರು ನಿಲ್ಲಿಸಿಕೊಂಡು ಕಾಯುವಾಗ ಪರಿಚಯವಾಯಿತು. ಸೇತುವೆ ಕಟ್ಟಿದ ವರ್ಷದ ವಿಷಯದಲ್ಲಿ ನನಗೆ ದೊರೆತಿದ್ದ ಎರಡು ಕಾಗದಗಳು ಪರಸ್ಪರ ಒಪ್ಪುತ್ತಿರಲಿಲ್ಲ. ಸ್ಥಳೀಯ ನೆನಪೇನಾದರೂ ಇದ್ದೀತೆಂದು ಅವರನ್ನು ಕೇಳಿದೆ.

"ಇದು ಯಾವಾಗ ಕಟ್ಟಿದ್ದು, ಲಾಲಸಾಬರೇ?"

ಅವರು ಸೇತುವೆಯನ್ನು ಒಮ್ಮೆ ನೋಡಿ ಗಂಭೀರವಾಗಿ ಹೇಳಿದರು: "ನಾ ಬಂದಾಗ ಇತ್ರಿ."

ಅಂದಿನಿಂದ ನಾನು ಅವರ ಬಾಯಲ್ಲಿ 'ತಾರೀಖ ಸಾಹೇಬ್ರು' ಆದೆ.

ಗೇಟು ಮುಚ್ಚಿದವರ ಮೇಲೆ ಕಾಯುವವರಿಗೆ ಪ್ರೀತಿ ಇರುವುದಿಲ್ಲ. ಒಮ್ಮೆ ಅದಿರು ಲಾರಿಯ ಚಾಲಕನೊಬ್ಬ, ಅವನೂ ನಮ್ಮ ಕಡೆಯವನೇ, ಕಿಟಕಿಯಿಂದ ಕೂಗಿದ: "ಏ ಚಾಚಾ, ನಿನ್ನ ಗಾಡಿ ಬರೂದ್ರಾಗ ನಾ ಎರಡು ಸಲ ಹೋಗಿ ಬರತಿದ್ನಿ!"

"ಹೋಗತಿದ್ದಿ, ಅದು ಖರೇ," ಎಂದರು ಲಾಲಸಾಬರು, "ಬರೂದರ ಬಗ್ಗೆ ಮಾತಾಡಬ್ಯಾಡ. ಇಳದು ಬಾ, ಚಾ ಕುಡಿ."

ಹೀಗೆ ಬೈದವರಿಗೆಲ್ಲ ಚಹಾ ಕುಡಿಸುವುದು ಅವರ ಪದ್ಧತಿ. ಬೈಗುಳ ತಿಂದ ದಿನ ಅವರ ಕಿತ್ತಲಿ ಎರಡು ಬಾರಿ ಒಲೆಯೇರುತ್ತಿತ್ತು.

ಮುಂದೆ ವಾಹನಗಳಿಗೆ ಬೇರೆ ಸೇತುವೆಯಾಯಿತು, ಲಾಲಸಾಬರು ನಿವೃತ್ತರಾದರು. ಹಲವು ವರ್ಷಗಳ ಅನಂತರ ಒಂದು ಮಧ್ಯಾಹ್ನ ಅವರು ನಮ್ಮ ಮನೆಯ ಮೆಟ್ಟಿಲೇರಿ ಬಂದರು. ಜೊತೆಗೆ ಮಗಳು ರೇಷ್ಮಾ. ನರ್ಸಿಂಗ್ ಓದಿ, ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಆಯ್ಕೆಯ ಹಂತದಲ್ಲಿದ್ದಳು. ಗೋವೆಯಲ್ಲೇ ಹುಟ್ಟಿದವಳೆಂಬುದಕ್ಕೆ ಜನನ ಪ್ರಮಾಣಪತ್ರ ಬೇಕಿತ್ತು. ಅದು ಇರಲಿಲ್ಲ. ಶಾಲೆಯಲ್ಲಿದ್ದ ತಾರೀಖು ಮಾಸ್ತರರು ಅಂದಾಜಿನಿಂದ ಬರೆದದ್ದು.

"ಜನನವನ್ನು ನೋಂದಾಯಿಸಿರಲಿಲ್ಲವೇ?" ಎಂದು ಕೇಳಿದೆ.

"ಮಾಡಿಸಿದ್ನೆಲ್ರಿ!" ಎಂದರು ಲಾಲಸಾಬರು, ನನ್ನ ಪ್ರಶ್ನೆಯಿಂದ ನೊಂದವರಂತೆ. "ಅವತ್ತ ನಾನ ಬರದೇನಿ. ಗೇಟಿನ ರಿಜಿಸ್ಟರದಾಗ. ಗಾಡಿ ಲೇಟು, ಗೇಟ್ ಬಂದ್, ಗೇಟಿನ ಹೊರಗ ಹೆಣ್ಣು ಕೂಸು. ಟೈಮ್ ಸುದ್ದಾ ಹಾಕೇನಿ. ಸರ್ಕಾರಿ ಪುಸ್ತಕ ಅಲ್ಲೇನ್ರಿ ಅದು?"

ರೇಷ್ಮಾ ತಲೆ ತಗ್ಗಿಸಿದಳು. "ಪಂಚಾಯ್ತಿಗೆ ಹೋಗಬೇಕಿತ್ತು ಅಂತ ಅಪ್ಪಾಗ ಈಗೂ ತಿಳಿದಿಲ್ರಿ."

ಸರ್ಕಾರದ ಮೊಹರಿರುವ ಪುಸ್ತಕದಲ್ಲಿ ಬರೆದದ್ದು ಸರ್ಕಾರಕ್ಕೆ ಗೊತ್ತಾದಂತೆ ಎಂಬುದು ಅವರ ನಂಬಿಕೆ. ಆ ಪುಸ್ತಕವನ್ನು ನಂಬಿಕೊಂಡೇ ಅವರು ಇಷ್ಟು ವರ್ಷ ನಿಶ್ಚಿಂತರಾಗಿದ್ದರು. ನಾನು ವಿಚಾರಿಸಿದಾಗ, ಅವಧಿ ಮೀರಿದ ಗೇಟ್ ರಿಜಿಸ್ಟರುಗಳನ್ನು ನಿಯಮದಂತೆ ಎಂದೋ ವಿಲೇವಾರಿ ಮಾಡಿದ್ದರೆಂದು ತಿಳಿಯಿತು. ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆದೇಶಕ್ಕೆ ತಾರೀಖು ಬೇಕು. ತಾರೀಖಿಗೆ ಸಾಕ್ಷಿ ಬೇಕು. ಕೆಲಸಕ್ಕೆ ಕಾಗದ ಒಪ್ಪಿಸಲು ಆರು ವಾರ ಉಳಿದಿದ್ದವು.

ಆ ದಿನದ ಕಥೆಯನ್ನು ಅವರು ಆಗಲೇ ನನಗೆ ಮೊದಲ ಬಾರಿ ಹೇಳಿದ್ದು. ಹೆಂಡತಿ ಮಾಬೂಬಿಗೆ ನೋವು ಶುರುವಾಗಿ, ನೆರೆಯವರು ರಿಕ್ಷಾದಲ್ಲಿ ಕೂರಿಸಿ ಕುಡಚಡೆಯ ಆಸ್ಪತ್ರೆಗೆ ಹೊರಟರು. ಅಷ್ಟರಲ್ಲಿ ರೈಲಿಗೆ ದಾರಿ ಕೊಟ್ಟಾಗಿತ್ತು, ಲಾಲಸಾಬರು ಗೇಟು ಮುಚ್ಚಿದ್ದರು. ರೈಲು ಬರಲಿಲ್ಲ. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ರಿಕ್ಷಾದಿಂದ ಮಾಬೂಬಿ ಕೂಗಿದಳು, ಲಾರಿಗಳಿಂದ ಇಳಿದ ಜನ ಬೈದರು. "ನಿನ್ನ ಹೇಂತಿನ ಅದಾಳಲ್ಲೋ ಒಳಗ, ತಗಿಯೋ!" ಎಂದು ಒಬ್ಬ ಕೊರಳಪಟ್ಟಿ ಹಿಡಿದ.

"ನೀವು ಏನೆಂದಿರಿ?"

"ಬರೂ ಗಾಡಿಗೆ ಗೊತ್ತೈತೇನು, ಅಕಿ ನನ್ನ ಹೇಂತಿ ಅಂತ? ಅಂದ್ನಿ. ಅಂದು ಹೊಳ್ಳಿ ನಿಂತ್ನಿ."

ಮೀನು ಮಾರುವ ಮಾಳತಿಬಾಯಿ ಬುಟ್ಟಿ ಇಳಿಸಿ, ತನ್ನ ಸೀರೆಯ ಸೆರಗನ್ನೇ ಮರೆಯಾಗಿಸಿ ಹೆರಿಗೆ ಮಾಡಿಸಿದಳು. ಮಗು ಅತ್ತ ಮೇಲೆ ರೈಲು ಬಂತು.

ಕಾಗದವಿಲ್ಲದ ತಾರೀಖನ್ನು ನಾನು ಅದುವರೆಗೆ ಅಡಿಟಿಪ್ಪಣಿಯಲ್ಲಿಯೂ ಸೇರಿಸಿದವನಲ್ಲ. ಈಗ ನೆನಪುಗಳನ್ನೇ ಒಂದಕ್ಕೊಂದು ತಾಳೆ ನೋಡಬೇಕಾಯಿತು. ಮಾಳತಿಬಾಯಿಗೆ ವರ್ಷ ನೆನಪಿರಲಿಲ್ಲ; ಆದರೆ ಅಂದು ಶ್ರಾವಣದ ನಾರಳಿ ಹುಣ್ಣಿಮೆಯ ಮರುದಿನ. "ಚೆಡೂಂ ಜಾಲೆಂ!" ಹೆಣ್ಣಾಯಿತು ಎಂದು, ಆಗ ಕೂಗಿದಂತೆಯೇ ಈಗಲೂ ಕೈಯೆತ್ತಿ ಕೂಗಿ ತೋರಿಸಿದಳು. ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಬಂದ ಮೊದಲ ಮೀನು ಅವಳ ಬುಟ್ಟಿಯಲ್ಲಿತ್ತಂತೆ. ಹೆರಿಗೆಯ ಗದ್ದಲದಲ್ಲಿ ಅದನ್ನು ಬೆಕ್ಕು ತಿಂದದ್ದಕ್ಕೆ ಅವಳಿಗೆ ಇನ್ನೂ ಸಿಟ್ಟು. ಲಾಲಸಾಬರು ಮೊಹರಂಗೆ ಊರಿಗೆ ಹೋಗಿ ಬಂದು ಆಗ ಒಂದು ವಾರ ತುಂಬಿರಲಿಲ್ಲ. ಮೊಹರಂ ತಿಂಗಳು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತದೆ. ಅದು ಶ್ರಾವಣದೊಂದಿಗೆ ಕೂಡುವುದು ಮೂರು ದಶಕಕ್ಕೊಮ್ಮೆ, ಎರಡು ಮೂರು ವರ್ಷ ಮಾತ್ರ. ಹಳೆಯ ಪಂಚಾಂಗಗಳನ್ನು ಹರಡಿಕೊಂಡು ಕೂತಾಗ ಮೂರು ವರ್ಷಗಳು ಉಳಿದವು.

"ವಾರ ಯಾವುದು? ನೆನಪು ಮಾಡಿಕೊಳ್ಳಿ" ಎಂದೆ.

"ಶುಕ್ರವಾರ್ರಿ. ಜುಮ್ಮಾ ನಮಾಜ್ ತಪ್ಪಿತ್ತಲ್ಲ."

ಹುಣ್ಣಿಮೆಯ ಮರುದಿನ ಶುಕ್ರವಾರ ಬಂದದ್ದು ಆ ಮೂರರಲ್ಲಿ ಒಂದೇ ವರ್ಷ. ಬೇರೊಂದು ಪಂಚಾಂಗದಲ್ಲಿಯೂ ನೋಡಿದೆ, ಅದೇ ಬಂತು.

ಲಾಲಸಾಬರ ಹೇಳಿಕೆಯ ಕರಡನ್ನು ನಾನೇ ಬರೆದೆ. ಹೆಂಡತಿ ಮಗಳ ಮುಂದೆ ಓದಬೇಕಾದದ್ದೆಂದು, 'ರೈಲು ತಡವಾದ ಕಾರಣ ಆಸ್ಪತ್ರೆ ಸೇರಲಾಗಲಿಲ್ಲ' ಎಂದಷ್ಟೇ ಬರೆದಿದ್ದೆ. ಲಾಲಸಾಬರು ಒಪ್ಪಲಿಲ್ಲ. "ಗಾಡಿ ಮ್ಯಾಲ ಯಾಕ ಹಾಕ್ತೀರಿ? ಗೇಟ್ ನಾ ಮುಚ್ಚಿದ್ನಿ, ನಾ ತಗೀಲಿಲ್ಲ. ಹಂಗ ಬರೀರಿ." ಬರೆದೆ. ಅವರು ರುಜು ಹಾಕಲು ಬಹಳ ಹೊತ್ತು ತೆಗೆದುಕೊಂಡರು. ಆ ದಿನದ ವಿಷಯ ಗಂಡಹೆಂಡಿರ ನಡುವೆ ಎಂದೂ ಮಾತಿಗೆ ಬಂದಿರಲಿಲ್ಲವೆಂದು ರೇಷ್ಮಾ ಆಮೇಲೆ ನನಗೆ ಹೇಳಿದಳು.

ವಿಚಾರಣೆಯ ದಿನ ಮಾಬೂಬಿಯ ಹೇಳಿಕೆಯೂ ಆಯಿತು. ಅವಳಿಗೆ ಕೊಂಕಣಿ ಸಂತೆಯ ಮಟ್ಟಿಗೆ ಬರುತ್ತಿತ್ತು. ಸಾಕ್ಷಿಯ ಕಟಕಟೆಯಲ್ಲಿ ನಿಂತಾಗ ಅದೂ ಹೊರಡಲಿಲ್ಲ. ನನ್ನನ್ನು ದುಭಾಷಿಯಾಗಿ ನಿಲ್ಲಿಸಿದರು. ಸ್ಥಳ, ಹೊತ್ತು, ಹೆರಿಗೆ ಮಾಡಿಸಿದವರು ಯಾರು, ಎಲ್ಲಕ್ಕೂ ಉತ್ತರಿಸಿದಳು. ಇಷ್ಟು ಸಾಕು ಎಂದು ಮ್ಯಾಜಿಸ್ಟ್ರೇಟರು ಅಂದಾಗ ಅವಳು ಕೆಳಗಿಳಿಯಲಿಲ್ಲ.

"ಇನ್ನೊಂದ ಮಾತೈತ್ರಿ. ಎಲ್ಲಾರೂ ಬೈದ್ರು, ನಾನೂ ಬೈದ್ನಿ. ಇವರು ನಮಗ ಬೆನ್ನು ಮಾಡಿ ನಿಂತಿದ್ರು. ನಾ ರಿಕ್ಷಾದಾಗ ಬಗ್ಗಿದಾಗ ಕೆಳಗಿಂದ ಇವರ ಕಾಲಷ್ಟ ಕಾಣತಿದ್ವು. ಗಡಗಡ ನಡಗಾಕತ್ತಿದ್ವು. ಅದನ್ನೂ ಬರಕೋರ್ರಿ."

ನಾನು ಅನುವಾದಿಸಿದೆ. ತಾರೀಖಿಗೆ ಸಂಬಂಧಿಸಿದ್ದಲ್ಲವಾದ್ದರಿಂದ ಅಲ್ಲಿನ ಗುಮಾಸ್ತರು ಅದನ್ನು ಬರೆದುಕೊಳ್ಳಲಿಲ್ಲ.

ಆದೇಶ ಅವಧಿಯೊಳಗೇ ಬಂತು. ರೇಷ್ಮಾ ಕೆಲಸಕ್ಕೆ ಸೇರಿದಳು. ಮುಂದಿನ ಮಳೆಗಾಲದಲ್ಲಿ ಲಾಲಸಾಬರು ತೀರಿಕೊಂಡರು. ನಾನು ಊರಲ್ಲಿರಲಿಲ್ಲ, ಮಣ್ಣಿಗೆ ಹೋಗಲಾಗಲಿಲ್ಲ. ಹಾಗಾಗಿ ನಮ್ಮ ಕೊನೆಯ ಭೇಟಿ ಆ ವಿಚಾರಣೆಯ ದಿನದ್ದೇ. ಹೊರಗೆ ಬಂದು ಬೀದಿಬದಿಯ ಅಂಗಡಿಯಲ್ಲಿ ಚಹಾ ತೆಗೆದುಕೊಂಡೆವು. ತಾಯಿ ಮಗಳು ಸ್ವಲ್ಪ ದೂರದಲ್ಲಿ ಬಸ್ಸಿಗಾಗಿ ನಿಂತಿದ್ದರು. ಲಾಲಸಾಬರು ಲೋಟ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ.

"ಇಷ್ಟು ವರ್ಷ ಸಿಟ್ಟಿಗೆ ಅವತ್ತಿನ ಮಾತು ತಗೀಲಾರದ ಇದ್ದಾಳ ಅಂತ ತಿಳದಿದ್ನಿರಿ, ಸಾಹೇಬ್ರ," ಎಂದರು. "ಅಕಿ ನೋಡಿದ್ಲು ಅಂತ ನನಗ ಗೊತ್ತಿರಲಿಲ್ಲ."