ಬದನೆ ಗಿಡಕ್ಕೆ ತೆಗೆದ ದೃಷ್ಟಿ

ಕಡಲಾಚೆಯ ಲಿವರ್‌ಮೋರ್‌ನ ನಮ್ಮ ಹಿತ್ತಿಲಲ್ಲಿ ಆ ಶುಕ್ರವಾರ ಸಂಜೆ ಅಮ್ಮ ಮಾಡುತ್ತಿದ್ದುದನ್ನು ಕಂಡು ನಾನು ಓಡಿಬಂದೆ. ಬದನೆ ಗಿಡಕ್ಕೆ ಹಿಡಿ ಉಪ್ಪು ನಿವಾಳಿಸಿ, "ಹೋದೋರ ಕಣ್ಣು, ಬಂದೋರ ಕಣ್ಣು" ಎಂದು ಗೊಣಗಿ, ಆ ಉಪ್ಪನ್ನು ಚೊಂಬಿನ ನೀರಲ್ಲಿ ಕರಗಿಸಿ ಗಿಡದ ಬುಡಕ್ಕೇ ಸುರಿದಳು!

ಅದು ಅಂತಿಂಥ ಗಿಡವಲ್ಲ. ಮೈಸೂರಿನ ನಮ್ಮ ಮನೆಯ ಹಸಿರು ಬದನೆ, ಅಜ್ಜಿಯ ಕಾಲದಿಂದ ಬೀಜ ಎತ್ತಿಟ್ಟುಕೊಂಡು ಬಂದದ್ದು. ಕಳೆದ ವರ್ಷ ಅಲ್ಲಿಯ ಹಿತ್ತಿಲಿಗೆ ಸಿಮೆಂಟು ಬಿತ್ತು. ಉಳಿದಿದ್ದ ಬೀಜವನ್ನೆಲ್ಲ ಅಮ್ಮ ಇಲ್ಲಿಗೆ ತಂದಿದ್ದಳು. ಮೊಳೆತದ್ದು ಒಂದೇ. ಅದರಲ್ಲಿ ಒಂದು ಕಾಯಾದರೂ ಹಣ್ಣಾಗಿ ಬೀಜ ಕೊಡದಿದ್ದರೆ ಆ ಬದನೆಯ ಕಥೆ ಮುಗಿದಂತೆ.

ಜೂನ್‌ವರೆಗೆ ಗಿಡ ಸೊಂಪಾಗಿತ್ತು. ಪಕ್ಕದ ಮನೆಯಾಕೆ ಬೇಲಿಯಿಂದ ಬಗ್ಗಿ ನೋಡಿ ಹೊಗಳಿದ್ದೂ ಆಯಿತು. ಆಮೇಲೆ ಎಲೆಯ ಅಂಚು ಸುಟ್ಟಂತಾಗಿ ಹೂಗಳು ಉದುರತೊಡಗಿದವು. ನಾನು ಈ ಹಾಳು ಬಿಸಿಲನ್ನು ಬೈದು ನೆರಳಿಗೆ ಬಟ್ಟೆ ಕಟ್ಟಿದೆ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡಾಗ, ಇಲ್ಲಿಯ ಗಡಸು ನೀರಿನ ಕರಾಮತ್ತು ಎಂದುಕೊಂಡೆ.

"ಅಮ್ಮಾ! ಉಪ್ಪಾ? ಯಾವಾಗಿಂದ?"

"ಪಕ್ಕದ್ಮನೆಯವ್ಳು ಕಣ್ಣು ಹಾಕಿದ್ಳಲ್ಲ, ಅವತ್ತಿಂದ. ಮೊದ್ಲು ಶುಕ್ರವಾರ ಮಾತ್ರ. ಗಿಡ ಬಾಡ್ತಾ ಬಂತು, ದೃಷ್ಟಿ ಜೋರಾಗಿದೆ ಅಂತ ಈಗ ದಿನಾ ತೆಗೀತಿದೀನಿ."

"ಬುಡಕ್ಕೆ ಯಾಕಮ್ಮ ಹಾಕ್ದೆ?"

"ತುಳಿಯೋ ಜಾಗದಲ್ಲಿ ಹಾಕಬಾರ್ದು ಕಣೆ. ಊರಲ್ಲೂ ಗಿಡದ ಬುಡಕ್ಕೇ ಹಾಕ್ತಿದ್ದೆ, ಏನೂ ಆಗ್ತಿರ್ಲಿಲ್ಲ."

"ಅಲ್ಲಿ ಮಳೆ ಬಂದು ತೊಳ್ಕೊಂಡು ಹೋಗುತ್ತೆ! ನೀನು ಬಂದ್ಮೇಲೆ ಇಲ್ಲಿ ಒಂದು ಹನಿ ಬಿದ್ದಿದೆಯಾ?" ಕಿರುಚಿಯೇ ಬಿಟ್ಟೆ.

ಅಮ್ಮ ಆಕಾಶ ನೋಡಿದಳು. ಮೋಡದ ತುಣುಕೂ ಇರಲಿಲ್ಲ.

"ಹಾಗಾದ್ರೆ ನಾನೇ ಕೊಂದ್ನಾ?"

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಪೈಪು ಹಿಡಿದು ಬುಡಕ್ಕೆ ನೀರು ಬಿಡುತ್ತಾ ನಿಂತೆ. ಆದರೆ ಕೈ ಮೀರಿತ್ತು, ವಾರದೊಳಗೆ ಗಿಡ ಒಣಗಿತು.

ಇದ್ದ ಒಂದೇ ಕಾಯಿ ಹೆಬ್ಬೆರಳಿನಷ್ಟಿತ್ತು. ಅಮ್ಮ ಅದನ್ನು ಸೀಳಿ, ಎಳೆ ಬೀಜಗಳನ್ನು ಬೆರಳ ತುದಿಯಲ್ಲಿ ಬಿಡಿಸಿದಳು. ಬೀಜಕ್ಕೆ ಸವರಲು ಒಲೆಯ ಬೂದಿ ಇಲ್ಲಿ ಎಲ್ಲಿಂದ ಬರಬೇಕು? ದೇವರ ಮುಂದಿನ ಊದುಬತ್ತಿಯ ಬೂದಿಯನ್ನೇ ಸವರಿ, ಪೇಪರ್ ಟವೆಲ್ ಮೇಲೆ ಹರಡಿ ಕಿಟಕಿಯಲ್ಲಿಟ್ಟಳು. ಅವು ಮೊಳೆಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ನಾನು ಪರದೆ ಸರಿಸಿ ಬಿಸಿಲು ಬರಲು ಬಿಟ್ಟೆ.