ಸಾಣೆಕಲ್ಲು ಒಯ್ದ ನರ್ಸಮ್ಮ

ನರ್ಸಮ್ಮನ ಎಡಗೈ ಹೆಬ್ಬೆರಳಿನ ಉಗುರು ಸತ್ತು ಕಪ್ಪಾಗಿತ್ತು. ಶಿರಸಿಯ ಆಸ್ಪತ್ರೆಯಲ್ಲಿ ಆ ಬೆರಳಿನಿಂದಲೇ ನನ್ನ ಮೊಮ್ಮಗಳ ಹಿಮ್ಮಡಿ ಒತ್ತಿ, ಕಾಗದದ ಮೇಲೆ ರಕ್ತ ಇಳಿಸಿಕೊಂಡಳು. ಬಾಣಂತನಕ್ಕೆ ಬಂದಿದ್ದ ಮಗಳಿಗೆ ಎಚ್‌ಐವಿ. ಕೂಸಿಗೆ ಬಂದಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಬೇಕು, ಪೂರಾ ತಿಳಿಯಲು ಒಂದೂವರೆ ವರ್ಷ ಬೇಕು ಎಂದಳು ನರ್ಸಮ್ಮ. ನಾಲ್ಕು ಹನಿ ರಕ್ತ ನೋಡಲು ಒಂದೂವರೆ ವರ್ಷವೇ? ನಾನು ನಂಬಲಿಲ್ಲ.

ಯಲ್ಲಾಪುರದ ನಮ್ಮ ಮನೆಗೂ ಬರುತ್ತಿದ್ದಳು. ಬಿಳಿ ಬಟ್ಟೆ ಇಲ್ಲ, ಹೂವಿನ ಸೀರೆ. ಕೇಳಿದವರಿಗೆ ಅಳಿಯನ ಕಡೆಯ ನೆಂಟಳು ಎನ್ನುತ್ತಿದ್ದಳು. ಇಷ್ಟು ಸಲೀಸಾಗಿ ಸುಳ್ಳು ಹೇಳುವವಳು ನನಗೆ ಮಾತ್ರ ನಿಜ ಹೇಳುತ್ತಾಳೆಯೇ? ಕೂಸಿನ ಔಷಧಿ ಸೀಸೆಯನ್ನು ಬೆಳಕಿಗೆ ಹಿಡಿದು, ಎಷ್ಟು ಇಳಿದಿದೆ ಎಂದು ನೋಡುತ್ತಿದ್ದಳು. ಅವಳಿಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ.

ಇಲ್ಲದ್ದೇ ಒಳ್ಳೆಯದಾಯಿತು. ಆರು ತಿಂಗಳು ತಾಯಿ ಹಾಲು ಬಿಟ್ಟು ಏನೂ ಕೊಡಬಾರದು ಎಂದಿದ್ದಳು. ಒಂದು ದಿನ ಮಗಳು ಸ್ನಾನಕ್ಕೆ ಹೋದದ್ದು ನೋಡಿ, ಕೂಸಿಗೆ ನೆಕ್ಕಿಸಲು ಸಾಣೆಕಲ್ಲಿನ ಮೇಲೆ ಬಜೆ ತೇಯುತ್ತ ಕೂತಿದ್ದೆ. ನಾನು ಹೆತ್ತ ನಾಲ್ಕಕ್ಕೂ ನೆಕ್ಕಿಸಿದ್ದೇನೆ. ನರ್ಸಮ್ಮ ಹಿಂದಿನ ಬಾಗಿಲಿಂದ ಬಂದಳು.

“ಅಮಾ, ಎಂತ ಅದು?”

“ಬಜೆ. ವಿಷ ಅಲ್ಲ.”

“ನೀರೂ ಬ್ಯಾಡ ಅಂದಿದ್ದೆ. ಹಾಲಿನ ಜೊತೆ ಬೇರೆ ಎಂತ ಬಿದ್ರೂ ಎಳೆ ಕರುಳು ಗಾಯ ಆಗ್ತದೆ. ಅಲ್ಲೇ ರೋಗ ಹೊಕ್ತದೆ.”

“ಆ ಹಾಲು ರೋಗದವಳದ್ದೇ ಅಲ್ವೇನೆ? ನಂಗೆ ಬುದ್ಧಿ ಇಲ್ಲ ಅಂತ ಮಾಡ್ಕಂಡ್ಯಾ?”

“ಅವಳು ದಿನಾ ಮಾತ್ರೆ ತಗಳ್ತಾಳೆ, ಅದು ಕೂಸನ್ನ ಕಾಯ್ತದೆ. ನಿಮ್ಮಿಂದ ಕಾಯೂದೇ ಕಷ್ಟ.”

ಸಾಣೆಕಲ್ಲು ಎತ್ತಿ ಚೀಲಕ್ಕೆ ಹಾಕಿಕೊಂಡು ನಡೆದೇಬಿಟ್ಟಳು. ಬೀದಿಯವರೆಗೂ ಓಡಿದೆ. “ಕಳ್ಳಿ! ನನ್ನ ಕಲ್ಲು ಕದ್ಲು!” ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಯಾಕೆ ಒಯ್ದೆ ಎಂದು ಅವಳು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು, ಮಗಳ ರೋಗ ಬೀದಿಗೆ ಬೀಳುತ್ತಿತ್ತು. ಅವಳು ಮಾತಾಡದೆ ಬಸ್ಸು ಹತ್ತಿದಳು.

ಮುಂದಿನ ವಾರ ಮತ್ತೆ ಬಂದಳು. “ಪಾತ್ರೆ ಒಳಗಿಟ್ಕಳಿ, ಬಂದ್ಲು!” ಎಂದು ಪಕ್ಕದ ಮನೆಯವಳು ಕೂಗಿದಳು. ನರ್ಸಮ್ಮ ನಕ್ಕಳು. “ಇರ್ಲಿ ಅಮಾ. ಕಳ್ಳಿ ಅಂದವ್ರು ನರ್ಸು ಅನ್ನೂದಿಲ್ಲ.”

ಅವತ್ತಿಂದ ಬಜೆ ಮುಟ್ಟಲಿಲ್ಲ. ನಂಬಿ ಅಲ್ಲ, ಹೆದರಿ.

ಒಂದೂವರೆ ವರ್ಷಕ್ಕೆ ಕೂಸಿಗೆ ರೋಗ ಇಲ್ಲ ಎಂದು ಬಂತು. ಇನ್ನೊಮ್ಮೆ ನೋಡು ಎಂದೆ. ನೋಡಿದಳು. ಇಲ್ಲ.

ಹೋದ ವರ್ಷ ನರ್ಸಮ್ಮ ಸಿದ್ದಾಪುರದ ತನ್ನ ಮನೆಯಲ್ಲಿ ತೀರಿಕೊಂಡಳು. ಪಕ್ಕದ ಮನೆಯವಳು ಬೇಲಿ ಹತ್ತಿರ ಬಂದು, “ನಿಮ್ಮ ಆ ಕಲ್ಲು ಕದ್ದ ನೆಂಟಳು ಸತ್ಲಂತೆ, ಹೌದನೆ?” ಎಂದಳು.

ಕದ್ದಿಲ್ಲ ಎನ್ನಲು ಬಾಯಿ ತೆರೆದೆ. ಮಗಳು ಜಗುಲಿಯಲ್ಲಿ ಕೂಸಿನ ತಲೆ ಬಾಚುತ್ತಿದ್ದಳು.

“ಹೌದು,” ಎಂದೆ. “ಅವಳೇ.”