ಹಳಿಯ ಪಕ್ಕದ ನಾಲ್ಕು ಮೊಟ್ಟೆ

ಗೂಡ್ಸ್ ಗಾಡಿ ಬಂತು. ಹಕ್ಕಿ ಏಳಲಿಲ್ಲ.

ಕಾಲೇಜಿನ ಕೆಲಸಕ್ಕೆಂದು ಬಳ್ಳಾರಿಗೆ ಬಂದು, ಸತ್ಯನಾರಾಯಣಪೇಟೆಯ ಈ ಬಾಡಿಗೆ ಮನೆ ಸೇರಿದ ಮೂರನೆಯ ವಾರ ಅದು. ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ಕಿಟಕಿಯಿಂದ ನೋಡಿದೆ, ಹಿತ್ತಲ ಗೋಡೆಯಾಚೆ ಅದಿರು ತುಂಬಿದ ಡಬ್ಬಿಗಳು ಮುಗಿಯದೆ ಸಾಗುತ್ತಿದ್ದವು. ಹಳಿಯಿಂದ ಎರಡು ಮೊಳ ದೂರದಲ್ಲಿ, ಜಲ್ಲಿಕಲ್ಲುಗಳ ಮೇಲೆ ಟಿಟ್ಟಿಭವೊಂದು ಕೂತಿತ್ತು. ಗಾಳಿಗೆ ಗರಿಗಳೆಲ್ಲ ಕೆದರಿದರೂ ಅದು ಕದಲಲಿಲ್ಲ. ಗಾಡಿ ಹೋದ ಮೇಲೆ ಎದ್ದು ನಿಂತಿತು. ಅಡಿಯಲ್ಲಿ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ಗೂಡಿಲ್ಲ, ಒಂದು ಎಳೆ ಹುಲ್ಲೂ ಇಲ್ಲ.

ನಮ್ಮೂರು ದೇಶನೂರಿನಲ್ಲಿ ಈ ಹಕ್ಕಿಯ ಕೂಗು ಕೇಳುತ್ತಲೇ ಬೆಳೆದೆ. ಒಮ್ಮೆಯೂ ನಿಂತು ನೋಡಿದ ನೆನಪಿಲ್ಲ. ಅಲ್ಲಿ ಅದಕ್ಕೆ ಕಾಲುವೆಯ ನೀರು, ಕೆಸರು, ಬೇಕಾದಷ್ಟು ಬಯಲು. ಇಲ್ಲಿ ಒಂದು ಕಡೆ ಲಾರಿಗಳ ರಸ್ತೆ, ಇನ್ನೊಂದು ಕಡೆ ಹಳಿ. ನಡುವಿನ ಅಂಗೈಯಗಲ ಜಾಗಕ್ಕೆ ತನ್ನ ಸಂಸಾರವನ್ನೆಲ್ಲ ತಂದಿಟ್ಟಿತ್ತು. ನನಗೋ ಟ್ರಂಕು ಬಿಚ್ಚಲು ಇನ್ನೂ ಮನಸ್ಸಾಗಿರಲಿಲ್ಲ.

ಮರುದಿನ ಹಳಿಯುದ್ದಕ್ಕೂ ಹೊಸ ಜಲ್ಲಿಯ ಗುಡ್ಡೆಗಳು ಬಿದ್ದವು. ಹರಡಿದರೆ ಮೊಟ್ಟೆಗಳು ಮುಚ್ಚಿಹೋಗುತ್ತವೆ. ಗದ್ದೆಯಲ್ಲಿ ಗೂಡು ಕಂಡರೆ, ಕೊಯ್ಲಿನವರಿಗೆ ತಿಳಿಯಲೆಂದು ಅಪ್ಪ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಿದ್ದದ್ದು ನೆನಪಾಯಿತು. ಹಳೆಯ ಕೆಂಪು ಕುಪ್ಪಸ ಹರಿದೆ, ಕೋಲಿಗೆ ಕಟ್ಟಿದೆ, ಮೊಟ್ಟೆಗಳ ಪಕ್ಕ ನೆಟ್ಟೆ. ಹಕ್ಕಿ ತಲೆಯ ಮೇಲೆ ಸುತ್ತುತ್ತ ಕಿರುಚುತ್ತಿತ್ತು.

ಒಬ್ಬರು ಓಡಿಬಂದು ಕೋಲು ಕಿತ್ತರು. ಹಳಿ ನೋಡಿಕೊಳ್ಳುವ ಗ್ಯಾಂಗಿನ ಗಾದಿಲಿಂಗಪ್ಪ.

"ಏನವ್ವಾ, ಓದಿದೋರು ಕಂಡಂಗ ಕಾಣ್ತೀರಿ. ಹಳಿ ಮಗ್ಗಲ ಕೆಂಪು ಬಟ್ಟಿ ಕಟ್ಟಿದ್ರ ಡ್ರೈವರ್ ಗಾಡಿ ನಿಂದ್ರಸ್ತಾನ. ಊರಿಗೆ ಹೊಸಬರೇನು?"

ಮೊಟ್ಟೆಗಳನ್ನು ತೋರಿಸಿದೆ.

"ನಿಮಗ ಈಗ ಕಂಡಾವ. ನಾವು ವಾರದಿಂದ ದಾಟಿಕೊಂತ ಅಡ್ಡಾಡಾಕ ಹತ್ತೀವಿ." ಸುತ್ತಲಿನ ಕಲ್ಲುಗಳಿಗೆ ಸುಣ್ಣದ ಗುರುತಿತ್ತು. ನಾನದನ್ನು ಹಕ್ಕಿಯ ಹಿಕ್ಕೆಯೆಂದುಕೊಂಡಿದ್ದೆ. "ನಾವ ಹಾಕಿದ ಗುರುತು. ಇದರೊಳಗ ಯಾರೂ ಸಲಿಕಿ ಹಾಕಂಗಿಲ್ಲ. ನೀವೂ ದೂರ ಸರೀರಿ. ಅದು ಅಂಜೋದು ನಿಮಗ, ಗಾಡಿಗಲ್ಲ."

ಸಂಜೆ ಊರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ನಕ್ಕಳು. "ಕೆಂಪು ಬಟ್ಟಿ ಯಾವಾಗ ಕಟ್ಟಿದ್ದಲೇ ಅಪ್ಪ? ಗೂಡಿನ ಸುತ್ತ ಒಂದೀಟು ನೆಲ್ಲು ಕೊಯ್ಯದಂಗ ಬಿಡತಿದ್ದ, ಅಷ್ಟ."

ಹಾಗಾದರೆ ಆ ಬಟ್ಟೆ ನನ್ನ ನೆನಪಿಗೆ ಎಲ್ಲಿಂದ ಬಂತು? ಊರಿನಿಂದ ಹೊತ್ತು ತಂದೆ ಎಂದುಕೊಂಡದ್ದರಲ್ಲಿ ಊರಿನದೆಷ್ಟು? ಅಪ್ಪ ಮಾಡುತ್ತಿದ್ದದ್ದನ್ನು ನಾನು ಮರೆತಿದ್ದೆ. ಅಪ್ಪನನ್ನು ಕಂಡೇ ಇರದ ಗಾದಿಲಿಂಗಪ್ಪ ಹಳಿಯ ಪಕ್ಕದಲ್ಲಿ ಅದನ್ನೇ ಮಾಡುತ್ತಿದ್ದರು.

ಜಲ್ಲಿ ಎಲ್ಲೆಡೆ ಹರಡಿತು, ಆ ಒಂದು ತುಣುಕು ಜಾಗ ಬಿಟ್ಟು. ಒಂದು ಬೆಳಿಗ್ಗೆ ನಾಲ್ಕು ಮರಿಗಳು ಕಲ್ಲುಗಳಿಗೇ ಕಾಲು ಬಂದಂತೆ ಓಡಾಡುತ್ತಿದ್ದವು. ಗಾಡಿ ಬಂದಾಗ ತಾಯಿಯ ಹೊಟ್ಟೆಯಡಿ ನುಗ್ಗಿದವು. ಹೋದೊಡನೆ ಹೊರಗೆ.

ಅವು ಹುಟ್ಟಿನಿಂದಲೇ ಬಳ್ಳಾರಿಯವು. ನಾನು ಟ್ರಂಕು ಬಿಚ್ಚಿದ್ದೇನೆ. ತಟ್ಟೆ ನಡುಗಿದರೆ ಮೊದಲಿನಂತೆ ಎದ್ದು ಹಿಡಿಯಲು ಹೋಗುವುದಿಲ್ಲ. ಆದರೆ ಟಿಟ್ಟಿಭ ಕೂಗಿದಾಗ, ಯಾವ ಊರಿನ ಕಿಟಕಿಯ ಬಳಿ ನಿಂತಿದ್ದೇನೆಂದು ಒಂದು ಗಳಿಗೆ ತಿಳಿಯುವುದಿಲ್ಲ.